ಹಿಂಗಾಲಿಯ ಶಾಕಪ್ಪು ಮತ್ತು ತಾಸುಗಳ ಲೆಕ್ಕ

ಬಾಗಲಕೋಟೆ ಹಾಗೂ ವಿಜಯಪುರ ಜಿಲ್ಲೆಗಳು ಸೈಕಲ್ ಕ್ರೀಡೆಯಲ್ಲಿ ಗಳಿಸಿರುವ ಹೆಸರನ್ನು ನಮ್ಮ ವ್ಯಾಪಾರಿ ಬಂಧುಗಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಎರಡೂ ಕಡೆ ಸರಕಾರದ ಕ್ರೀಡಾ ವಸತಿನಿಲಯಗಳಲ್ಲಿ ಸೈಕ್ಲಿಂಗ್ ತರಬೇತಿ ನಡೆದುಬಂದಿದೆ. ಬಾಗಲಕೋಟೆಯ ಮೇಘಾ ಗುಗಾಡ, ವೆಂಕಪ್ಪ ಕೆಂಗಲಗುತ್ತಿ ಅವರಂಥ ಸವಾರರು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಇದುವರೆಗೆ ನಮ್ಮ ಹುಡುಗ ಹುಡುಗಿಯರ ಹೆಚ್ಚಿನ ಸಾಧನೆ ಡಾಂಬರು ರಸ್ತೆಯ ಮತ್ತು ಟ್ರ್ಯಾಕಿನ ಓಟಗಳಲ್ಲಿಯೇ. ಆದರೆ 2022ರಲ್ಲಿ ನೆರೆಯ ಗದಗಿನಲ್ಲಿಯೇ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದ ಮೇಲೆ ಗುಡ್ಡಗಾಡಿನ ಸೈಕಲ್ ಓಟ ದೂರದ ಹಿಮಾಚಲದವರ ಆಟವೆಂಬ ಭಾವನೆ ಹೋಗಿದೆ. ಜಮಖಂಡಿ, ಮುಧೋಳ, ಬೀಳಗಿ ಭಾಗದ ಕೆಲವು ಮನೆಗಳ ಅಂಗಳದಲ್ಲಿ ಈಗ ಲಕ್ಷ ರೂಪಾಯಿಗಿಂತ ಮೇಲ್ಪಟ್ಟ ಬೆಲೆಯ ಸೈಕಲ್‌ಗಳು ನಿಂತಿವೆ. ಅವುಗಳಲ್ಲಿ ಒಂದಷ್ಟಕ್ಕೆ ಹಿಂಗಾಲಿಗೂ ಶಾಕಪ್ಪು ಇದೆ.

ಈ ಲೇಖನ ಆ ಒಂದು ಬಿಡಿಭಾಗವನ್ನು ಕುರಿತದ್ದು. ಗೇಣುದ್ದದ ಆ ವಸ್ತುವಿನ ಮಧ್ಯಮ ದರ್ಜೆಯ ಮಾದರಿಗೆ 30ರಿಂದ 50 ಸಾವಿರ ರೂಪಾಯಿ ಬೀಳುತ್ತದೆ. ಕೆಟ್ಟರೆ ಸರಿಪಡಿಸುವ ಅಧಿಕೃತ ಕೇಂದ್ರ ನಮ್ಮ ಹುನ್ನೂರಿಗೆ ಹತ್ತಿರದಲ್ಲೆಲ್ಲೂ ಇಲ್ಲ. ಬೆಂಗಳೂರು 500 ಕಿ.ಮೀ.ಗೂ ದೂರ. ನನ್ನಲ್ಲಿ ಲೆಕ್ಕ ಬರೆಸುವ ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರ ಮಗನ ಶಾಕಪ್ಪು ಹೀಗೆಯೇ ಪರಊರಿನ ಒಂದು ಸರ್ವಿಸ್ ಕೇಂದ್ರಕ್ಕೆ ಹೋಗಿ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಆಯ್ಕೆ ಸ್ಪರ್ಧೆ ಮುಗಿದಿತ್ತು; ಹದಿನೇಳರ ವಯಸ್ಸಿನಲ್ಲಿ ಒಂದು ವರ್ಷ ಹೋಯಿತೆಂದರೆ ಆ ವಯೋಮಿತಿಯ ವರ್ಗವೇ ಕೈತಪ್ಪಿದಂತೆ. ಅವರು ತಂದ ಬಿಲ್ಲನ್ನು ನೋಡಿದೆ. ಒಳಗಿನ ರಿಪೇರಿ ಏನೂ ಇರಲಿಲ್ಲ. ಸೀಲುಗಳ ಒಂದು ಕಿಟ್, ಗ್ರೀಸು, ಕೂಲಿ, ಕೊರಿಯರ್ ಇಷ್ಟೇ. ಮನೆಯ ಪಡಸಾಲೆಯಲ್ಲಿ ಎರಡು ತಾಸಿನಲ್ಲಿ ಮುಗಿಯುವ ಕೆಲಸಕ್ಕೆ ಐದು ವಾರ ಹೋಗಿತ್ತು. (ಪ್ರಾಸಂಗಿಕವಾಗಿ ಹೇಳುವುದಾದರೆ, ಮಗನ ಸೈಕಲ್ಲಿನ ಖರ್ಚನ್ನು ಅಂಗಡಿಯ ಖಾತೆಗೆ ಬರೆಯಲಾಗದು ಎಂಬುದನ್ನೂ ಅವರಿಗೆ ಆಗಲೇ ಹೇಳಬೇಕಾಯಿತು.)

ಯಾವುದು ಮನೆಯಲ್ಲಿ ಆಗುವ ಕೆಲಸ, ಯಾವುದು ಎಂದೂ ಮನೆಯಲ್ಲಿ ಮಾಡಬಾರದ ಕೆಲಸ ಎಂಬ ಗೆರೆ ಸ್ಪಷ್ಟವಾದರೆ ಈ ಆಸ್ತಿಯ ಆಯುಷ್ಯವೂ ಸವಾರನ ವರ್ಷವೂ ಉಳಿಯುತ್ತವೆ.

ಎರಡು ಬಗೆಯ ಸರಕು

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಪೇಟೆಗಳಲ್ಲಿ ‘ಡಬಲ್ ಶಾಕಪ್’ ಎಂದು ಹದಿನೈದು ಸಾವಿರದ ಒಳಗೆ ಮಾರಾಟವಾಗುವ ಸೈಕಲ್‌ಗಳ ಹಿಂಬದಿಯಲ್ಲಿರುವುದು ಸಾಮಾನ್ಯವಾಗಿ ಬರೀ ಸುರುಳಿ ಸ್ಪ್ರಿಂಗ್. ಸ್ಪ್ರಿಂಗ್ ಅದುಮುತ್ತದೆ, ಅದುಮಿದಷ್ಟೇ ವೇಗದಲ್ಲಿ ಮರಳಿ ಒದೆಯುತ್ತದೆ. ಆ ಒದೆತವನ್ನು ತಡೆದು ನಿಧಾನಗೊಳಿಸುವ ಎಣ್ಣೆಯ ವ್ಯವಸ್ಥೆ ಅದರಲ್ಲಿಲ್ಲ. ಇಂಥದ್ದರಲ್ಲಿ ಹೊಂದಿಸಲು ಏನೂ ಇಲ್ಲ, ಸರ್ವಿಸ್ ಮಾಡಲು ಅದಕ್ಕಿಂತಲೂ ಇಲ್ಲ. ತುಳಿದ ಶಕ್ತಿಯ ಒಂದು ಪಾಲು ಏರಿಳಿತದಲ್ಲಿಯೇ ಕಳೆದುಹೋಗುತ್ತದೆ, ಸೈಕಲ್ಲಿನ ತೂಕ ಮಾತ್ರ ಹೆಚ್ಚುತ್ತದೆ. ಅಷ್ಟೇ ಹಣಕ್ಕೆ ಹಿಂದೆ ಶಾಕಪ್ಪಿಲ್ಲದ ಗಟ್ಟಿ ಫ್ರೇಮಿನ ಸೈಕಲ್ ಕೊಳ್ಳುವುದೇ ಲೇಸೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿಜವಾದ ಶಾಕಪ್ಪಿನಲ್ಲಿ ಎರಡು ಯಂತ್ರಗಳಿವೆ. ಹೊರಗಿನದು ಹವಾದ ಕೋಣೆ. ಅದುವೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಸವಾರನ ಭಾರವನ್ನು ಹೊರುತ್ತದೆ. ಒಳಗಿನದು ಎಣ್ಣೆ ತುಂಬಿದ ಡ್ಯಾಂಪರ್. ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ಹಾಯಿಸಿ ಚಲನೆಯ ವೇಗವನ್ನು ಹದದಲ್ಲಿಡುತ್ತದೆ. ಡ್ಯಾಂಪರಿನ ಎಣ್ಣೆಯಲ್ಲಿ ನೊರೆ ಏಳದಂತೆ ಅದರ ಬೆನ್ನಿಗೆ ಅತಿ ಒತ್ತಡದ ನೈಟ್ರೋಜನ್ ತುಂಬಿರುತ್ತಾರೆ. ನಮ್ಮ ಮೋಟಾರು ಸೈಕಲ್ ಮೆಕ್ಯಾನಿಕರಿಗೆ ಇದು ಅಪರಿಚಿತವಲ್ಲ. ಬಜಾಜ್ ಪಲ್ಸರಿನ ‘ನೈಟ್ರಾಕ್ಸ್’ ಶಾಕಪ್ಪುಗಳೂ ಇದೇ ತತ್ತ್ವದವು.

ಮೌಂಟೇನ್ ಬೈಕ್ ಎಂಬ ವಸ್ತುವೇ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಗುಡ್ಡಗಳಲ್ಲಿ ಹುಟ್ಟಿದ್ದು. ಸೈಕಲ್ ಶಾಕಪ್ಪಿಗೆ ಹೆಸರಾದ ರಾಕ್‌ಶಾಕ್ಸ್ ಕಂಪನಿ 1989ರಲ್ಲಿ ಆರಂಭವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಪ್ರವೇಶ ದೊರೆಯಿತು. ಟೋಕಿಯೊ ಮತ್ತು 2024ರ ಪ್ಯಾರಿಸ್ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಓಡಿಸಿದ್ದು ಹಿಂಗಾಲಿಗೂ ಶಾಕಪ್ಪಿರುವ ಸೈಕಲ್ಲನ್ನೇ. ಹಾಗಾಗಿ ಇದನ್ನು ಬರೀ ಶೋಕಿಯ ವಸ್ತುವೆಂದು ತಳ್ಳಿಹಾಕುವಂತಿಲ್ಲ.

ಹವಾ ಹೊಂದಿಸುವ ಬಗೆ

ಸವಾರ ಸೀಟಿನ ಮೇಲೆ ಕುಳಿತಾಗ ಶಾಕಪ್ಪು ತನ್ನಷ್ಟಕ್ಕೆ ಕುಸಿಯುವ ಪ್ರಮಾಣಕ್ಕೆ ‘ಸ್ಯಾಗ್’ ಎನ್ನುತ್ತಾರೆ. ಎಲ್ಲ ಹೊಂದಾಣಿಕೆಗೂ ಇದೇ ತಳಹದಿ. ಕುಸಿತವೇ ಇಲ್ಲದಿದ್ದರೆ ತಗ್ಗು ಬಂದಾಗ ಗಾಲಿ ಕೆಳಗಿಳಿದು ನೆಲವನ್ನು ಹಿಡಿಯಲಾರದು. ಕುಸಿತ ಅತಿಯಾದರೆ ದಿಬ್ಬಕ್ಕೆ ಬಡಿದಾಗ ಶಾಕಪ್ಪು ತಳ ಮುಟ್ಟುತ್ತದೆ. ಓಟದ ಸೈಕಲ್ಲಿಗೆ ಶೇ. 20ರಿಂದ 25, ಸಾಮಾನ್ಯ ಗುಡ್ಡಗಾಡಿನ ಸವಾರಿಗೆ ಶೇ. 25ರಿಂದ 30 ಎಂಬುದು ವಾಡಿಕೆಯ ಪ್ರಮಾಣ.

ಶೇಕಡಾ ಯಾವುದರ ಮೇಲೆ ಎಂಬಲ್ಲಿ ಹಲವರು ಎಡವುತ್ತಾರೆ. ಗಾಲಿಯ ಚಲನೆ 120 ಮಿ.ಮೀ. ಎಂದು ಸೈಕಲ್ಲಿನ ಕೈಪಿಡಿಯಲ್ಲಿ ಬರೆದಿರಬಹುದು. ಆದರೆ ಅಳೆಯಬೇಕಾದದ್ದು ಶಾಕಪ್ಪಿನ ದಂಡದ ಚಲನೆಯನ್ನು. ಶಾಕಪ್ಪಿನ ಅಳತೆ 190×45 ಎಂದಿದ್ದರೆ ಮೊದಲನೆಯದು ಎರಡು ಬೋಲ್ಟಿನ ಕಣ್ಣುಗಳ ನಡುವಿನ ಅಂತರ, ಎರಡನೆಯದು ದಂಡದ ಚಲನೆ. 45ರ ಶೇ. 25 ಎಂದರೆ ಸುಮಾರು 11 ಮಿ.ಮೀ. ಗಾಲಿ 120 ಚಲಿಸಿದಾಗ ದಂಡ 45 ಮಾತ್ರ ಚಲಿಸುವುದರಿಂದ ಇಲ್ಲಿಯ ಸನ್ನೆಯ ಅನುಪಾತ 2.67 ಆಗುತ್ತದೆ. ಗಾಲಿಯ ಬಳಿ ಬೀಳುವ ಭಾರ ಶಾಕಪ್ಪಿಗೆ ಅಷ್ಟು ಪಟ್ಟು ಹೆಚ್ಚಾಗಿ ತಟ್ಟುತ್ತದೆ. ಟೈರಿಗೆ 30 ಪಿ.ಎಸ್.ಐ. ಹವಾ ಸಾಕಾದರೆ ಶಾಕಪ್ಪಿಗೆ 150-200 ಬೇಕಾಗುವುದು ಇದರಿಂದಲೇ.

ಟೈರಿನ ಪಂಪಾಗಲಿ ಪೆಟ್ರೋಲ್ ಬಂಕಿನ ಕಂಪ್ರೆಸರಾಗಲಿ ಈ ಕೆಲಸಕ್ಕೆ ಬರುವುದಿಲ್ಲ. ಕೋಣೆ ತೀರ ಚಿಕ್ಕದು, ಒತ್ತಡ ತೀರ ಹೆಚ್ಚು. ಎರಡರಿಂದ ನಾಲ್ಕು ಸಾವಿರದಲ್ಲಿ ಸಿಗುವ ಶಾಕ್ ಪಂಪ್ ಒಂದನ್ನು ಕೊಂಡಿಟ್ಟುಕೊಳ್ಳುವುದು ಅನಿವಾರ್ಯ. ಆರಂಭಕ್ಕೆ ಒಂದು ಸರಳ ಅಂದಾಜು ಇದೆ: ಸವಾರನ ತೂಕ ಎಷ್ಟು ಪೌಂಡೋ ಅಷ್ಟು ಪಿ.ಎಸ್.ಐ. 60 ಕಿಲೋ ತೂಗುವ ಹುಡುಗನಿಗೆ 132. ಎಲ್ಲ ಫ್ರೇಮುಗಳಿಗೂ ಇದು ಒಪ್ಪುವುದಿಲ್ಲವಾದ್ದರಿಂದ ಇದನ್ನು ಮುಂಗಡವೆಂದು ತಿಳಿಯಬೇಕೇ ಹೊರತು ಅಂತಿಮ ಲೆಕ್ಕವೆಂದಲ್ಲ. ಮೈಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮಾತ್ರ ಎಂದೂ ಮೀರಬಾರದು.

ಹವಾ ತುಂಬುವಾಗ 50 ಪಿ.ಎಸ್.ಐ. ಏರಿದಾಗಲೊಮ್ಮೆ ಪಂಪು ಬಿಡಿಸಿ, ಸೀಟನ್ನು ಹತ್ತಿಪ್ಪತ್ತು ಸಲ ಅದುಮಿ ಬಿಡಬೇಕು. ಹವಾದ ಕೋಣೆಯೊಳಗೆ ಮೇಲಣ, ಕೆಳಗಣ ಎಂಬ ಎರಡು ಭಾಗಗಳಿದ್ದು, ಹೀಗೆ ಅದುಮಿದಾಗ ಮಾತ್ರ ಎರಡರ ಒತ್ತಡ ಸಮವಾಗುತ್ತದೆ. ಪಂಪು ತೆಗೆಯುವಾಗ ಕೇಳುವ ‘ಸುಸ್’ ಎಂಬ ಸದ್ದು ಪಂಪಿನ ನಳಿಗೆಯೊಳಗಿನ ಹವಾದ್ದು, ಶಾಕಪ್ಪಿನದಲ್ಲ. ಮರಳಿ ಪಂಪು ಜೋಡಿಸಿದಾಗ ಗೇಜಿನ ಮುಳ್ಳು ಕಡಿಮೆ ತೋರಿಸುವುದೂ ಸಹಜ. ಕೋಣೆಯ ಹವಾ ಸ್ವಲ್ಪ ನಳಿಗೆಗೆ ಹೋಗಿರುತ್ತದೆ. ಇದನ್ನರಿಯದೆ ‘ಹವಾ ಸೋರುತ್ತಿದೆ’ ಎಂದು ಶಾಕಪ್ಪನ್ನು ಬಿಚ್ಚಿದವರಿದ್ದಾರೆ.

ಅಳೆಯುವಾಗ ಸವಾರ ಬೂಟು, ಹೆಲ್ಮೆಟ್, ನೀರಿನ ಬಾಟಲಿ ಸಮೇತ ಇರಬೇಕು. ಬಿಗಿಯುವ ಲಿವರ್ ಪೂರ್ತಿ ತೆರೆದಿರಬೇಕು. ಗೋಡೆಗೆ ಕೈಯೂರಿ ಕುಳಿತು, ದಂಡದ ಮೇಲಿನ ರಬ್ಬರಿನ ಬಳೆಯನ್ನು ಸೀಲಿನವರೆಗೆ ಸರಿಸಿ, ಕುಪ್ಪಳಿಸದೆ ಮೆಲ್ಲನೆ ಇಳಿಯಬೇಕು. ಬಳೆ ಎಷ್ಟು ಸರಿದಿದೆಯೋ ಅದೇ ಸ್ಯಾಗ್. ಹೆಚ್ಚಿದ್ದರೆ 5 ಪಿ.ಎಸ್.ಐ. ಏರಿಸುವುದು, ಕಡಿಮೆಯಿದ್ದರೆ ಅಷ್ಟೇ ಇಳಿಸುವುದು.

ನಮ್ಮ ಹವಾಮಾನಕ್ಕೆ ಸಂಬಂಧಿಸಿದ ಒಂದು ಮಾತನ್ನು ಯಾವ ಕೈಪಿಡಿಯೂ ಎದ್ದುಕಾಣುವಂತೆ ಹೇಳುವುದಿಲ್ಲ. ಬೇಸಿಗೆಯ ನಸುಕಿನಲ್ಲಿ 22 ಡಿಗ್ರಿ ಇದ್ದಾಗ 150 ಪಿ.ಎಸ್.ಐ. ತುಂಬಿದ ಶಾಕಪ್ಪು, ಮಧ್ಯಾಹ್ನ 42 ಡಿಗ್ರಿಗೆ ಕಾದಾಗ ಸುಮಾರು 161 ಆಗಿರುತ್ತದೆ. ಅಂದರೆ 11 ಪಿ.ಎಸ್.ಐ. ತಾನಾಗಿಯೇ ಏರಿಕೆ, ನಾವು ಐದೈದರಂತೆ ಹೊಂದಿಸುವ ಅಳತೆಯಲ್ಲಿ ಇದು ಎರಡು ಮೆಟ್ಟಿಲು. ಓಟ ಯಾವ ಹೊತ್ತಿಗೋ ಆ ಹೊತ್ತಿನಲ್ಲಿಯೇ ಅಳೆಯುವುದು ವಿಹಿತ.

ಸ್ಯಾಗ್ ಸರಿಯಾದ ಮೇಲೆ ಮರುಚಿಮ್ಮುಗೆಯ ತಿರುಪು. ಬಹುತೇಕ ಶಾಕಪ್ಪುಗಳಲ್ಲಿ ಕೆಂಪು ಬಣ್ಣದ್ದು. ಬಲಕ್ಕೆ ತಿರುಗಿಸಿದರೆ ನಿಧಾನ, ಎಡಕ್ಕೆ ತಿರುಗಿಸಿದರೆ ಚುರುಕು. ಸೀಟಿನ ಮೇಲೆ ಕುಳಿತು ಕಟ್ಟೆಯೊಂದರಿಂದ ಸೈಕಲ್ಲನ್ನು ಇಳಿಸಿ ನೋಡಬೇಕು. ಅದುಮಿದ ಶಾಕಪ್ಪು ಒಮ್ಮೆ ಮೇಲೆದ್ದು ಶಾಂತವಾದರೆ ಸರಿ. ಮತ್ತೊಮ್ಮೆ ಕುಣಿದರೆ ಎರಡು ಕ್ಲಿಕ್ ಬಿಗಿಯಬೇಕು. ಹಾಗೆಂದು ತೀರ ನಿಧಾನವಾಗಿಸಿದರೆ ಸಾಲುಸಾಲು ಕಲ್ಲುಗಳ ಮೇಲೆ ಶಾಕಪ್ಪಿಗೆ ಮೇಲೇಳಲು ವೇಳೆಯೇ ಸಿಗದೆ ಕುಸಿದೇ ಉಳಿಯುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ಟ್ರೇಲರ್ ಓಡಾಡಿ ಗಟ್ಟಿಯಾದ ನಮ್ಮ ಹೊಲದ ದಾರಿಗಳ ಸಾಲುಗುಂಡಿಗಳಲ್ಲಿ ಈ ದೋಷ ಬೇಗ ಗೊತ್ತಾಗುತ್ತದೆ. ಪೂರ್ತಿ ಬಿಗಿದ ಸ್ಥಿತಿಯಿಂದ ಎಷ್ಟು ಕ್ಲಿಕ್ ಹೊರಗೆ ಎಂದು ಎಣಿಸಿ ಬರೆದಿಡಬೇಕು. ಸ್ಯಾಗ್ ಸರಿಯಿದ್ದೂ ಪದೇಪದೇ ತಳ ಮುಟ್ಟುತ್ತಿದ್ದರೆ ಹವಾ ಹೆಚ್ಚಿಸುವ ಬದಲು ಕೋಣೆಯೊಳಗೆ ಪ್ಲಾಸ್ಟಿಕ್ಕಿನ ತುಂಡೊಂದನ್ನು ಕೂರಿಸಿ ಅದರ ಗಾತ್ರ ಕಿರಿದುಗೊಳಿಸುತ್ತಾರೆ; ಆಗ ಕೊನೆಯ ಚಲನೆ ಮಾತ್ರ ಗಡುಸಾಗುತ್ತದೆ.

ವರ್ಷವಲ್ಲ, ತಾಸು

ಲೆಕ್ಕಪರಿಶೋಧಕರಾದ ನಾವು ಯಂತ್ರಗಳ ಸವಕಳಿಯನ್ನು ವರ್ಷದ ಮೇಲೆ ಬರೆಯುತ್ತೇವೆ. ಶಾಕಪ್ಪು ಸವೆಯುವುದು ತಾಸಿನ ಮೇಲೆ. ಹವಾದ ಕೋಣೆಯನ್ನು ಬಿಚ್ಚಿ ಸ್ವಚ್ಛಗೊಳಿಸಿ ಹೊಸ ಗ್ರೀಸ್ ಹಚ್ಚುವ ಹೊರ ಸರ್ವಿಸ್ಸಿಗೆ ಸಾಮಾನ್ಯವಾಗಿ ಹೇಳುವ ಅವಧಿ 50 ತಾಸು. ಡ್ಯಾಂಪರಿನ ಒಳ ಸರ್ವಿಸ್ಸಿಗೆ ತಯಾರಕರನ್ನನುಸರಿಸಿ 125ರಿಂದ 200 ತಾಸು ಅಥವಾ ವರ್ಷಕ್ಕೊಮ್ಮೆ.

ಈ ಅಂಕಿಗಳ ಅರ್ಥ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಬೆಂಗಳೂರಿನ ಉದ್ಯೋಗಿಯೊಬ್ಬರು ಭಾನುವಾರ ಮೂರು ತಾಸು ಸವಾರಿ ಮಾಡಿದರೆ ವರ್ಷಕ್ಕೆ ಸುಮಾರು 150 ತಾಸು. ಮೂರು ಹೊರ ಸರ್ವಿಸ್. ನಮ್ಮ ತರಬೇತಿಯ ಹುಡುಗ ದಿನಕ್ಕೆ ಎರಡು ತಾಸು, ವಾರಕ್ಕೆ ಆರು ದಿನ ಇದೇ ಸೈಕಲ್ ತುಳಿದರೆ ವಾರಕ್ಕೆ 12 ತಾಸು. ನಾಲ್ಕೇ ವಾರಕ್ಕೆ ಮೊದಲ 50 ಮುಗಿಯುತ್ತದೆ, ವರ್ಷಕ್ಕೆ ಹನ್ನೆರಡು ಸರ್ವಿಸ್ ಬೇಕಾಗುತ್ತದೆ. ಪ್ರತಿ ಸಲ ಬೆಂಗಳೂರಿಗೆ ಕಳುಹಿಸುವುದು ಯಾವ ಒಕ್ಕಲುತನದ ಮನೆಗೂ, ನೇಕಾರಿಕೆಯ ಮನೆಗೂ ಸಾಧ್ಯವಿಲ್ಲ; ಕಳುಹಿಸದೆ ಬಿಡುವುದೇ ನಡೆಯುತ್ತಿದೆ. ಸೀಲು ಒಣಗಿ ದೂಳು ಒಳನುಗ್ಗಿ ದಂಡಕ್ಕೆ ಗೀರು ಬಿದ್ದ ಮೇಲೆ ಬರೀ ಸೀಲು ಹಾಕಿ ಉಪಯೋಗವಿಲ್ಲ. ಎರಡು ಮೂರು ಸಾವಿರದ ನಿರ್ವಹಣೆಯ ಖರ್ಚನ್ನು ಉಳಿಸಲು ಹೋಗಿ ನಲವತ್ತು ಸಾವಿರದ ಬಂಡವಾಳ ಕರಗುವುದು ಹೀಗೆ. ಆದ್ದರಿಂದ ಒಂದು ನೋಟುಬುಕ್ಕು ಇಟ್ಟು, ದಿನಾಂಕ, ಆ ಸೈಕಲ್ಲಿನ ಮೇಲೆ ಕಳೆದ ತಾಸು, ಹವಾ, ಕ್ಲಿಕ್ಕು ಇಷ್ಟನ್ನು ಬರೆಯುತ್ತ ಹೋಗಬೇಕು. ರಸ್ತೆಯ ಸೈಕಲ್ಲಿನ ತಾಸುಗಳು ಈ ಖಾತೆಗೆ ಬರಬಾರದು.

ಹೊರ ಸರ್ವಿಸ್

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಶಾಕ್ ಪಂಪ್, ಅಲೆನ್ ಕೀಗಳ ಸೆಟ್ಟು, ಟಾರ್ಕ್ ರೆಂಚು, ಹಳೆಯ ಟ್ಯೂಬಿನ ಒಂದು ಪಟ್ಟಿ, ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್, ಎಳೆ ಬಿಡದ ಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ. ಇವಲ್ಲದೆ ಆ ಮಾದರಿಗೇ ಹೊಂದುವ ಸೀಲ್ ಕಿಟ್ ಮತ್ತು ಶಾಕಪ್ಪಿನ ಗ್ರೀಸು. ಕಿಟ್ ತರಿಸುವಾಗ ಶಾಕಪ್ಪಿನ ಮೇಲಿನ ಸೀರಿಯಲ್ ನಂಬರು ಕೊಡಬೇಕು; ಹೆಸರು ಒಂದೇ ಇದ್ದರೂ ವರ್ಷಕ್ಕೊಂದು ಅಳತೆಯ ಸೀಲು ಬರುತ್ತದೆ.

ಮೊದಲು ಸೈಕಲ್ಲನ್ನು ಬಕೆಟ್ ನೀರು, ಸೋಪಿನಲ್ಲಿ ತೊಳೆಯಬೇಕು. ಬೈಕುಗಳ ವಾಟರ್ ಸರ್ವಿಸಿಂಗ್ ಮಾಡುವಲ್ಲಿಗೆ ಒಯ್ದು ಜೋರಿನ ನೀರು ಹೊಡೆಸಿದರೆ ನಮ್ಮ ಎರೆಮಣ್ಣಿನ ಸಣ್ಣ ಕೆಸರೆಲ್ಲ ಸೀಲಿನ ತುಟಿಯ ಒಳಕ್ಕೇ ಸೇರುತ್ತದೆ. ಬಳಿಕ ಎರಡು ಬೋಲ್ಟು ಬಿಚ್ಚಿ, ವಾಯ್ಸರುಗಳು ಯಾವ ಕ್ರಮದಲ್ಲಿದ್ದವೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಶಾಕಪ್ಪನ್ನು ಹೊರತೆಗೆಯಬೇಕು.

ಮುಂದಿನ ಹೆಜ್ಜೆಯಲ್ಲಿ ಅವಸರ ಕೂಡದು. ವಾಲ್ವನ್ನು ಒತ್ತಿ ಹವಾವನ್ನು ತೀರ ನಿಧಾನವಾಗಿ ಬಿಡಬೇಕು; ಶಾಕಪ್ಪನ್ನು ಸ್ವಲ್ಪ ಅದುಮಿ, ಮತ್ತೆ ಒತ್ತಿ, ಉಳಿದದ್ದನ್ನೂ ಬಿಡಬೇಕು. ಹವಾ ಪೂರ್ತಿ ಹೋದ ಮೇಲೂ ಶಾಕಪ್ಪು ತಾನಾಗಿ ಒಳಕ್ಕೆ ಎಳೆದುಕೊಂಡು ಹಾಗೆಯೇ ನಿಂತಿದ್ದರೆ ಕೆಳಗಣ ಕೋಣೆಯಲ್ಲಿ ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ. ಅಂಥದ್ದನ್ನು ಮನೆಯಲ್ಲಿ ತೆರೆಯಕೂಡದು. ತಿರುಪು ಸಡಿಲವಾದೊಡನೆ ಡಬ್ಬಿ ಗುಂಡಿನಂತೆ ಸಿಡಿಯಬಲ್ಲದು, ಕೈ-ಮುಖಗಳಿಗೆ ಗಾಯವಾಗಬಲ್ಲದು. ಅದನ್ನು ನೇರ ಸರ್ವಿಸ್ ಕೇಂದ್ರಕ್ಕೇ ಕಳುಹಿಸಬೇಕು.

ದಂಡ ಪೂರ್ತಿ ಚಾಚಿ ನಿಂತಿದ್ದರೆ ಮುಂದುವರಿಯಬಹುದು. ಒಂದು ಕಣ್ಣನ್ನು ಮೃದು ದವಡೆಯ ವೈಸಿನಲ್ಲಿ ಹಿಡಿಸಿ, ಡಬ್ಬಿಗೆ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಬಟ್ಟೆ ಹೊದಿಸಿ, ಮುಖ ಪಕ್ಕಕ್ಕಿಟ್ಟು ತಿರುಗಿಸಿದರೆ ಡಬ್ಬಿ ಬಿಚ್ಚುತ್ತದೆ. ಹಳೆಯ ಗ್ರೀಸು ಕಪ್ಪಾಗಿ ಬರುವುದು ಸಾಮಾನ್ಯ. ಸೀಲುಗಳನ್ನು ಹಲ್ಲುಕಡ್ಡಿ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಎಬ್ಬಿಸಬೇಕು; ಪಿನ್ನು, ಸ್ಕ್ರೂಡ್ರೈವರ್ ತಾಗಿಸಿದರೆ ಗಾಡಿಗೆ ಗೀರು ಬಿದ್ದು ಅಲ್ಲಿಂದಲೇ ಹವಾ ಸೋರುತ್ತದೆ. ದಂಡವನ್ನು ಒರೆಸಿ ಬೆಳಕಿಗೆ ಹಿಡಿದು ಉಗುರು ಆಡಿಸಿ ನೋಡಬೇಕು. ಉಗುರಿಗೆ ತಡೆಯುವ ಗೀರಿದ್ದರೆ ಅದು ಸೀಲಿನಿಂದ ಸರಿಯಾಗುವ ದೋಷವಲ್ಲ. ಹಳೆಯ ಸೀಲು ಮೆತ್ತಗಿದ್ದು ಅಂಚು ಹರಿಯದಿದ್ದರೆ ನಡುವಿನ ಸರ್ವಿಸ್ಸುಗಳಲ್ಲಿ ಗ್ರೀಸು ಹಚ್ಚಿ ಅದನ್ನೇ ಕೂರಿಸಬಹುದು. ವರ್ಷಕ್ಕೆ ಎರಡು ಮೂರು ಸಲವಾದರೂ ಪೂರ್ತಿ ಹೊಸದು ಬೇಕು.

ಗ್ರೀಸಿನ ವಿಷಯದಲ್ಲಿ ಜುಗ್ಗತನ ಬೇಡ. ಬಂಡಿಯ ಅಚ್ಚಿಗೆ ಹಾಕುವ ಗ್ರೀಸು, ಇಂಜಿನ್ ಆಯಿಲ್, ಅಡುಗೆ ಎಣ್ಣೆ ಇವುಗಳಲ್ಲಿ ಕೆಲವು ರಬ್ಬರನ್ನು ಉಬ್ಬಿಸುತ್ತವೆ, ಕೆಲವು ಅಂಟಾಗಿ ದೂಳನ್ನು ಹಿಡಿಯುತ್ತವೆ. ಕಂಪನಿ ಹೇಳಿದಷ್ಟೇ ಮಿ.ಲೀ. ಎಣ್ಣೆಯನ್ನು ಕೋಣೆಗೆ ಬಿಟ್ಟು, ಡಬ್ಬಿಯನ್ನು ಕೈಯಿಂದಲೇ ಬಿಗಿದು, ಫ್ರೇಮಿನ ಮೇಲೆ ಮುದ್ರಿಸಿರುವ ನ್ಯೂಟನ್-ಮೀಟರ್ ಅಳತೆಗೆ ಬೋಲ್ಟುಗಳನ್ನು ಬಿಗಿಯಬೇಕು. ಸೀಟನ್ನು ಹಿಡಿದು ಮೆಲ್ಲನೆ ಎತ್ತಿದಾಗ ‘ಟಕ್’ ಎಂದರೆ ಬುಷ್ ಸವೆದಿದೆ. ಹವಾ ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ಯಾಗ್ ಮತ್ತೆ ಅಳೆದರೆ ಸೋರಿಕೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಗೆರೆಯ ಆಚೆ

ಡ್ಯಾಂಪರನ್ನು ಮಾತ್ರ ಮುಟ್ಟಬಾರದು. ನೂರಾರು ಪಿ.ಎಸ್.ಐ. ಒತ್ತಡದ ನೈಟ್ರೋಜನ್ನನ್ನು ಬಿಟ್ಟು, ಎಣ್ಣೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ತೇಲುವ ಪಿಸ್ಟನ್ನನ್ನು ಮಿಲಿಮೀಟರ್ ಲೆಕ್ಕದಲ್ಲಿ ನಿಲ್ಲಿಸಿ, ಮತ್ತೆ ಅನಿಲ ತುಂಬುವ ಕೆಲಸವಿದು. ಟೈರಿನ ಅಂಗಡಿಯಲ್ಲಿ ಸಿಗುವ ‘ನೈಟ್ರೋಜನ್ ಹವಾ’ ಕಾರಿನ ಟೈರಿಗೆ ಬೇಕಾದ ಮೂವತ್ತು ನಲವತ್ತು ಪಿ.ಎಸ್.ಐ.ಯದು, ಹೆಸರು ಒಂದೇ ಆದ ಮಾತ್ರಕ್ಕೆ ಇಲ್ಲಿಗೆ ಸಲ್ಲದು. ದಂಡದ ಮೇಲೆ ಎಣ್ಣೆ ಜಿನುಗುವುದು, ಅದುಮಿದಾಗ ಪಚಪಚ ಸದ್ದು, ಕೆಂಪು ತಿರುಪನ್ನು ಎಷ್ಟು ಬಿಗಿದರೂ ವೇಗ ಬದಲಾಗದಿರುವುದು ಇವು ಡ್ಯಾಂಪರ್ ಸೋತ ಲಕ್ಷಣಗಳು.

ಈ ಗೆರೆಯ ಈಚೆಗಿನ ಕೆಲಸದಲ್ಲಿ ನಮ್ಮ ಸದಸ್ಯರಿಗೊಂದು ಸಣ್ಣ ವ್ಯವಹಾರವೂ ಅಡಗಿದೆ. ಮೋಟಾರು ಸೈಕಲ್ಲಿನ ಮುಂದಿನ ಫೋರ್ಕಿನ ಆಯಿಲ್ ಸೀಲ್ ದಿನವೂ ಬದಲಿಸುವ ಕೈಗಳು ಜಮಖಂಡಿಯಲ್ಲಿಯೂ ಮುಧೋಳದಲ್ಲಿಯೂ ಇವೆ. ಅವರಿಗೆ ಕಡಿಮೆಯಿರುವುದು ಸ್ವಚ್ಛವಾದ ಒಂದು ಮೇಜು, ಸರಿಯಾದ ಗ್ರೀಸು ಮತ್ತು ಟಾರ್ಕ್ ರೆಂಚು. ಉಪಕರಣಗಳೆಲ್ಲ ಸೇರಿ ಹತ್ತು ಹನ್ನೆರಡು ಸಾವಿರದಲ್ಲಿ ಮುಗಿಯುತ್ತವೆ. ಒಂದು ಮನೆಗೆ ಇದು ಭಾರವೆನಿಸಬಹುದು, ಎಂಟು ಹತ್ತು ಸವಾರರ ನಡುವೆ ಒಂದು ಸೈಕಲ್ ಅಂಗಡಿಯಲ್ಲಿಟ್ಟರೆ ಒಂದು ಸೀಜನ್ನಿನಲ್ಲಿಯೇ ಹೊರಬೀಳುತ್ತದೆ. ಸೈಕಲ್ ಹಾಗೂ ಅದರ ಬಿಡಿಭಾಗಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಎಣ್ಣೆ, ಗ್ರೀಸಿನ ಮೇಲೆ ಶೇ. 18 ಇದೆ. ಹಾಗಾಗಿ ಒಂದೇ ಬಿಲ್ಲಿನಲ್ಲಿ ಎಲ್ಲವನ್ನೂ ‘ಸೈಕಲ್ ಸಾಮಾನು’ ಎಂದು ಬರೆಯಬಾರದು. ಸಾಮಾನಿನ ಜೊತೆಗೆ ರಿಪೇರಿ ಸೇವೆಯನ್ನೂ ಕೊಡುವವರಿಗೆ ನೋಂದಣಿಯ ಮಿತಿ 40 ಲಕ್ಷವಲ್ಲ, 20 ಲಕ್ಷ ಎಂಬುದೂ ಗಮನದಲ್ಲಿರಲಿ.

ಒಳ ಸರ್ವಿಸ್ಸಿಗೆ ಕಳುಹಿಸುವ ಕಾಲ ಬಂದಾಗ ಓಟದ ಸೀಜನ್ ಮುಗಿದ ವಾರವನ್ನೇ ಆರಿಸಿಕೊಳ್ಳಬೇಕು; ನೋಟುಬುಕ್ಕಿನಲ್ಲಿ ತಾಸು 150 ದಾಟಿದಾಗಲೇ ಕೇಂದ್ರಕ್ಕೆ ಫೋನು ಮಾಡಿ ಸರದಿ ಕೇಳಿಡಬಹುದು. ಸಿಕ್ಕಿಕೊಂಡು ನಿಂತದ್ದಲ್ಲದಿದ್ದರೆ ಕಳುಹಿಸುವ ಮುನ್ನ ಹವಾ ಬಿಡಬೇಕು. ಬುಷ್ಷು, ವಾಯ್ಸರುಗಳನ್ನು ತೆಗೆದು ಮನೆಯಲ್ಲಿಯೇ ಇಟ್ಟುಕೊಂಡು, ಶಾಕಪ್ಪಿಗೆ ಬಟ್ಟೆ ಸುತ್ತಿ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಹಾಕಬೇಕು. ಒಳಗೊಂದು ಚೀಟಿ: ಸವಾರನ ತೂಕ, ಹವಾ, ಕ್ಲಿಕ್ಕು, ಒಟ್ಟು ತಾಸು, ಕಳೆದ ಹೊರ ಸರ್ವಿಸ್ಸಿನ ದಿನಾಂಕ, ಮತ್ತು ಕೇಳಿಬರುತ್ತಿರುವ ದೋಷ ಒಂದು ಸಾಲಿನಲ್ಲಿ.